ಬೆಳಿಗ್ಗೆ ಏಳದ ಕಂಪ್ಯೂಟರ್

ಕಳೆದ ತಿಂಗಳು ನಮ್ಮ ಮನೆಯ ಕಂಪ್ಯೂಟರ್ ಬೆಳಿಗ್ಗೆ ಏಳುವುದನ್ನು ನಿಲ್ಲಿಸಿತು.

ಮಧ್ಯಾಹ್ನ ಏಳುತ್ತಿತ್ತು. ಸಂಜೆ ಏಳುತ್ತಿತ್ತು. ಸುಮ್ಮನೆ ಪರೀಕ್ಷೆಗೆ ಅಂತ ಆಫ್ ಮಾಡಿ ಆನ್ ಮಾಡಿದರೆ ಒಳ್ಳೇ ಮಗುವಿನ ಹಾಗೆ ಎದ್ದು ಕೂರುತ್ತಿತ್ತು. ಬೆಳಿಗ್ಗೆ ಮಾತ್ರ ಊಹೂಂ. ಮೊದಲು ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರಗಳ ಬೈಗುಳ. ಆಮೇಲೆ ಒಂದು ಕ್ಷಣ ನೀಲಿ ಪರದೆ. ಆಮೇಲೆ ತಾನೇ ಆರಿ, ತಾನೇ ಹೊತ್ತಿಕೊಂಡು, ಮತ್ತೆ ಅದೇ ಕಪ್ಪು ಪರದೆ. ಕೀಬೋರ್ಡಿನ ಆ ಬಟನ್ ಈ ಬಟನ್ ಒತ್ತಿ ನಾನು ಗುದ್ದಾಡಿದರೆ ಯಾವಾಗಲೋ ಒಮ್ಮೆ ಎದ್ದು, ಆಮೇಲೆ ಇಡೀ ದಿನ ಸರಿ ಇರುತ್ತಿತ್ತು. (ನಮ್ಮ ಮನೆಯಲ್ಲಿ ಬೆಳಿಗ್ಗೆ ಹೀಗೆ ಆಡುವವಳು ಇನ್ನೊಬ್ಬಳಿದ್ದಾಳೆ. ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ರಿಪೇರಿ ಇಲ್ಲ.)

ಅಯ್ಯೋ, ಹಳೇ ಡಬ್ಬ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತೀರಾ? ನಮ್ಮ ಯಜಮಾನರು ಸುರೇಶ ಕೂಡ ಹಾಗೇ ಅಂದರು. ಮಗಳು ಅನನ್ಯ ಅಂತೂ ತಮಿಳಿನಲ್ಲಿ ಒಂದೇ ಮಾತಿಗೆ ತಿಥಿ ಮಾಡಿ ಮುಗಿಸಿದಳು. "ಅಮ್ಮಾ, ಮಷೀನ್ ಸೆತ್ತುಪೋಚ್ಚು. ವಿಟ್ಟುಡು ಮಾ."

ಸತ್ತೇಹೋಯಿತಂತೆ, ಬಿಟ್ಟುಬಿಡಬೇಕಂತೆ. ಬಿಟ್ಟುಬಿಡುವುದು ಹೇಗೆ? ಅದು ನಮ್ಮ ಮಾವನ ಕಂಪ್ಯೂಟರ್.

ನನ್ನ ಮಾವ ಉಡುಪಿ ಕಡೆಯವರು. ಮೀಸೆ ಸರಿಯಾಗಿ ಮೂಡುವ ಮೊದಲೇ ಚೆನ್ನೈಗೆ ಬಂದು, ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ನುಂಗಂಬಾಕ್ಕಂನ ಒಂದು ಒಳರಸ್ತೆಯಲ್ಲಿ ತಮ್ಮದೇ ಹೋಟೆಲು ಮಾಡಿದವರು. ಜೀವನವಿಡೀ ಅದನ್ನೇ ನಡೆಸಿದರು. ಕೆಲವು ವರ್ಷಗಳ ಹಿಂದೆ ಕಟ್ಟಡದ ಮಾಲೀಕರು ಕೆಡವಿ ಕಟ್ಟುತ್ತೇವೆ ಅಂದರು. ಮಾವನಿಗೂ ವಯಸ್ಸಾಗಿತ್ತು. ಹೋಟೆಲು ಮುಚ್ಚಿತು. ಗ್ರೈಂಡರ್ ಒಂದು ಕಡೆ ಹೋಯಿತು, ಕಲ್ಲಿನ ಟೇಬಲ್‌ಗಳು ಇನ್ನೊಂದು ಕಡೆ ಹೋದವು, ಕೆಲಸದವರು ಅವರವರ ಊರಿಗೆ ಹೋದರು. ಪಲ್ಲಾವರಂನ ನಮ್ಮ ಫ್ಲ್ಯಾಟಿಗೆ ಬಂದದ್ದು ಮಾವ, ಮತ್ತು ಅವರ ಕ್ಯಾಶ್ ಕೌಂಟರಿನ ಮೇಲಿದ್ದ ಕಂಪ್ಯೂಟರ್.

ಅದು ಹೋಟೆಲಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಮೈಸೂರಿನಿಂದ ಮದುವೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಬಿಲ್ಲಿಂಗ್ ಮಷೀನ್ ಬರುತ್ತದೆ ಅಂತ ಹೋಟೆಲಿಗೆ ಹೋಟೆಲೇ ಕಾಯುತ್ತಿತ್ತು. ಮಾವ ಅದಕ್ಕೆ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿ, ಒಂದು ಬಟ್ಟಲು ಕೇಸರಿಬಾತ್ ನೈವೇದ್ಯ ಮಾಡಿದರು. ಟೇಬಲ್‌ಕ್ಲಾತಿನಲ್ಲಿ ಅದಕ್ಕೊಂದು ಅಂಗಿ ಹೊಲಿಸಿದರು. ಒಂದು ವಾರ ಯಾರೂ ಚಪ್ಪಲಿ ಹಾಕಿಕೊಂಡು ಕೌಂಟರಿನ ಹತ್ತಿರ ಸುಳಿಯಲಿಲ್ಲ. ಆಗಿನ ಕಾಲದಲ್ಲಿ ಕಂಪ್ಯೂಟರ್ ಅಂದರೆ ಮನೆಗೆ ಬಂದ ಅಳಿಯ. ಅಷ್ಟು ಮರ್ಯಾದೆ. ಈಗ? ಮಗಳು ತನ್ನ ಲ್ಯಾಪ್‌ಟಾಪಿನ ಮೇಲೆ ಮ್ಯಾಗಿ ತಟ್ಟೆ ಇಟ್ಟುಕೊಂಡು ತಿನ್ನುತ್ತಾಳೆ.

ಆದರೆ ಮಾವನಿಗೆ ಆ ಕಂಪ್ಯೂಟರ್ ಬೇಕಾಗಿದ್ದು ಬಿಲ್ಲಿಗೆ ಅಲ್ಲ. ಅದರೊಳಗೆ ತಾಳಮದ್ದಲೆ ಇತ್ತು.

ಸೋಮವಾರ ಹೋಟೆಲಿಗೆ ರಜೆ. ಆವತ್ತು ಮಹಡಿ ಮೇಲೆ, ಕೆಲಸದವರ ಕೋಣೆಯಲ್ಲಿ, ಚಾಪೆ ಹಾಸಿ ತಾಳಮದ್ದಲೆ ನಡೆಯುತ್ತಿತ್ತು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಇಡೀ ವಾರ ತಲೆ ಎತ್ತದೆ ಹಿಟ್ಟು ರುಬ್ಬುವ ವಾಸಣ್ಣ, "ಏನಂದೆ? ನನ್ನ ಸಿಂಹಾಸನಕ್ಕೆ ಲೆಕ್ಕ ಕೇಳಲು ನೀನು ಯಾರು?" ಅಂತ ಗುಡುಗುತ್ತಿದ್ದಾನೆ! ಎದುರಿಗೆ ಕೂತು ಅವನಿಗೆ ಜವಾಬು ಕೊಡುತ್ತಿರುವವನು ನನಗೆ ಹಿಂದಿನ ದಿನವಷ್ಟೇ ಎರಡು ವಡೆ ತಂದುಕೊಟ್ಟ ಸಪ್ಲೈಯರ್. ಮಾವ ಮೂಲೆಯಲ್ಲಿ ಗೋಡೆಗೊರಗಿ, ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ ಹಾಕುತ್ತಿದ್ದರು. ಸುರೇಶ ಆಗ ಉತ್ಸಾಹದ ಹುಡುಗ (ಹೌದು, ಇದೇ ಸುರೇಶ). ಎಲ್ಲಿಂದಲೋ ಮೈಕ್ ತಂದು ಎಷ್ಟೋ ಸೋಮವಾರಗಳನ್ನು ರೆಕಾರ್ಡ್ ಮಾಡಿ ಆ ಕಂಪ್ಯೂಟರಿಗೆ ತುಂಬಿದ್ದರು.

ಹೋಟೆಲು ಹೋದ ಮೇಲೆ ಮಾವನ ಬೆಳಗು ಅಂದರೆ ಅದೇ. ನಾವೆಲ್ಲ ಇನ್ನೂ ಗೊರಕೆ ಹೊಡೆಯುವಾಗ ಎದ್ದು, ಡಿಕಾಕ್ಷನ್ ಇಳಿಸಿ, ಒಂದು ಲೋಟ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂರುವುದು. ಸಣ್ಣ ಸದ್ದಿನಲ್ಲಿ ವಾಸಣ್ಣನ ಸಿಂಹಾಸನ. ವಾಸಣ್ಣ ತೀರಿಕೊಂಡಿದ್ದಾನೆ. ಆ ವಡೆಯವನು ಈಗ ಎಲ್ಲಿದ್ದಾನೋ.

"ತಾತಾ, ಎಲ್ಲ ನಿಮ್ಮ ಫೋನಿಗೆ ಕಾಪಿ ಮಾಡ್ಬಿಟ್ಟೆ" ಅಂತ ಅನನ್ಯ ಯಾವತ್ತೋ ಮಾಡಿಕೊಟ್ಟಿದ್ದಳು. (ಅಜ್ಜ ಅನ್ನಿಸಿಕೊಳ್ಳಲು ಮಾವ ಹರಸಾಹಸಪಟ್ಟು, ಕೊನೆಗೆ ಮದ್ರಾಸಿನ ಮೊಮ್ಮಗಳ ಮುಂದೆ ಸೋತು ತಾತನೇ ಆಗಿಬಿಟ್ಟರು.) ಮಾವ ಒಂದು ದಿನ ಕೇಳಿ ಫೋನು ಪಕ್ಕಕ್ಕಿಟ್ಟರು.

"ಫೋನಲ್ಲಿ ಅದು ಎಂತದೋ ದೂರದಲ್ಲಿ ಮಾತಾಡಿದ ಹಾಗೆ ಆಗ್ತದೆ ಮಾರಾಯ್ತಿ. ಇದರಲ್ಲಾದ್ರೆ ಇಲ್ಲೇ ಕೂತ ಹಾಗೆ ಉಂಟು."

ಈಗ ಹೇಳಿ, ಗುಜರಿಗೆ ಹಾಕುವುದು ಹೇಗೆ?

ಬೆಳಿಗ್ಗೆ ಎದ್ದು ಹಾಲಿಗೆ ಬಂದರೆ ಮಾವ ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದರು. ಕಾಫಿ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು. ಯಾರನ್ನೂ ಎಬ್ಬಿಸುವ ಜನ ಅಲ್ಲ ಅವರು. "ಇವತ್ತು ಸಹ ಬರ್ಲಿಲ್ಲ" ಅಂತ ಮಾತ್ರ ಅನ್ನುವರು, ಊರಿನಿಂದ ಬರಬೇಕಾದ ಬಸ್ಸಿನ ಬಗ್ಗೆ ಹೇಳಿದ ಹಾಗೆ.

ಸರಿ, ನಾನು ಟೊಂಕ ಕಟ್ಟಿದೆ. ನಮ್ಮ ಕಾಲದವರಿಗೆ ಗೊತ್ತಿರುವ ವಿದ್ಯೆಗಳೆಲ್ಲ ಹೊರಬಂದವು. ಪೆಟ್ಟಿಗೆ ಬಿಚ್ಚಿ ಧೂಳು ಊದಿದೆ. ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. (ನಗಬೇಡಿ. ಒಂದು ಕಾಲದಲ್ಲಿ ಈ ದೇಶದ ಅರ್ಧ ಕಂಪ್ಯೂಟರುಗಳು ರಬ್ಬರಿನ ಮೇಲೆ ನಡೆಯುತ್ತಿದ್ದವು.) ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದೆ. ಪಕ್ಕಕ್ಕೊಂದು ಪೆಟ್ಟನ್ನೂ ಕೊಟ್ಟು, ಮತ್ತೆ ಬಟನ್ ಒತ್ತಿ ಗುದ್ದಾಡಿ ಎಬ್ಬಿಸಿದೆ. ಆವತ್ತಿಡೀ ಚೆನ್ನಾಗಿ ನಡೆಯಿತು. ಗೆದ್ದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮತ್ತದೇ ಕಪ್ಪು ಮುಖ.

ಸರ್ವಿಸ್‌ನವರು ಬಂದರು. ಯಾವಾಗ? ಮಧ್ಯಾಹ್ನ. ಆನ್ ಮಾಡಿದರೆ ಟಣ್ಣನೆ ಎದ್ದಿತು!

"ನಲ್ಲಾ ತಾನೇ ಓಡುದು ಮೇಡಂ?" ಅಂದರು ಅವರು. ಚೆನ್ನಾಗೇ ಓಡುತ್ತಿದೆಯಲ್ಲ, ಇನ್ನೇನು ಕಷ್ಟ ನಿಮಗೆ ಅನ್ನುವ ಮುಖ. ಡಾಕ್ಟರ ಎದುರು ಹೋದ ಕೂಡಲೇ ಕೆಮ್ಮು ನಿಂತುಹೋಗುತ್ತದಲ್ಲ, ಹಾಗಾಯಿತು ನನ್ನ ಕಥೆ. ಎರಡನೇ ಸಲ ಬಂದಾಗ ಪಾಪ ಒಂದು ಕೇಬಲ್ ಬದಲಿಸಿದರು. ಒಳಗಿನ ಸೆಟಪ್‌ಗೆ ಹೋಗಿ ಒಂದು ಆಯ್ಕೆ ಬದಲಿಸಿದರೆ ಸದ್ಯಕ್ಕೆ ಏಳುತ್ತದೆ ಅಂತ ತೋರಿಸಿಕೊಟ್ಟರು. ಬೋರ್ಡಿಗೆ ವಯಸ್ಸಾಗಿದೆ, ಹೊಸದು ನೋಡಿ ಅಂತಲೂ ಹೇಳಿ ಹೋದರು. ಅಂದಿನಿಂದ ನನ್ನ ಬೆಳಗಿನ ದಿನಚರಿ ಏನು ಗೊತ್ತಾ? ಬಾಯಲ್ಲಿ ಬ್ರಶ್, ಒಂದು ಕೈಯಲ್ಲಿ ಕೀಬೋರ್ಡ್, ಹಿಂದೆ ಮಾವ. ಅದು ಎದ್ದ ಕೂಡಲೇ ಅವರ ಮುಖ ಅರಳುತ್ತಿತ್ತು. ನಾನು ಎದ್ದು ಬರುವ ತನಕ ಅವರ ಬೆಳಗು ಅರ್ಧ ಹೋಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಸುರೇಶ ಗಡುವು ಕೊಟ್ಟರು. "ಈ ತಿಂಗಳೊಳಗೆ ಸರಿಯಾಗದಿದ್ರೆ ಎಕ್ಸ್‌ಚೇಂಜಿಗೆ ಕೊಡುವಾ. ದಿನಾ ಬೆಳಿಗ್ಗೆ ಈ ರೋದನೆ ಯಾರಿಗೆ ಬೇಕು?" ಮಾವ ಕೇಳಿಸಿಕೊಂಡರು. ಅವತ್ತು ಸಂಜೆ ಆ ಹಳೇ ಟೇಬಲ್‌ಕ್ಲಾತಿನ ಅಂಗಿಯನ್ನು ಒಗೆದು, ಬಾಲ್ಕನಿಯಲ್ಲಿ ಒಣಹಾಕಿ, ಮತ್ತೆ ಅದಕ್ಕೆ ತೊಡಿಸಿದರು.

ನಡುವೆ ಮಾವ ಯಾರದೋ ಮದುವೆಗೆ ಅಂತ ಉಡುಪಿಗೆ ಹೋದರು. ಅವರು ಹೋದ ಮರುದಿನ ಕಂಪ್ಯೂಟರ್ ತಾನಾಗಿ ಎದ್ದಿತು. ಅದರ ಮರುದಿನವೂ. ಅವರು ಇಲ್ಲದಷ್ಟು ದಿನವೂ! ಕೇಬಲ್ಲೇ ತೊಂದರೆ ಕೊಡುತ್ತಿತ್ತು, ಈಗ ಹೊಂದಿಕೊಂಡಿದೆ ಅಂತ ನಾನು ಊರಿಗೆ ಫೋನು ಮಾಡಿ ಹೇಳಿಯೂ ಬಿಟ್ಟೆ. ಮಾವ ಮಕ್ಕಳ ಹಾಗೆ ಖುಷಿಪಟ್ಟರು. ವಾಪಸ್ ಬಂದ ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಕೂತರೆ, ಕಪ್ಪು ಪರದೆ.

"ತಾತಾ ವಂದಾಚ್ಚು, ಕಂಪ್ಯೂಟರ್ ಪೋಚ್ಚು!" ಅಂತ ಅನನ್ಯ ನಕ್ಕಳು. ತಮಾಷೆಗೇ ಅಂದದ್ದು. ತಾತ ಬಂದರು, ಕಂಪ್ಯೂಟರ್ ಹೋಯಿತು.

ಮಾವ ನಗಲು ನೋಡಿದರು. "ನನ್ನ ಕೈಗುಣ ಸರಿ ಇಲ್ಲ ಕಾಣ್ತದೆ" ಅಂದರು.

ಸಾವಿರಾರು ಜನಕ್ಕೆ ಕಾಫಿ ಕೊಟ್ಟ ಕೈ ಅದು. ಈ ಡಬ್ಬದ ಕಾರಣಕ್ಕೆ ಅಂಥ ಮಾತು ಬರಬೇಕಾ?

ಮುಂದಿನ ಭಾನುವಾರ ಸಂಬಂಧಿಕರ ಮನೆಯ ನಾಮಕರಣಕ್ಕೆ ಹೊರಟಿದ್ದೆವು. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡಾಯಿತು. "ನೀವು ಇಳೀರಿ, ನಾನು ಬಾಗಿಲು ಹಾಕ್ಕೊಂಡು ಬಂದೆ" ಅಂದರು ಮಾವ. ಇದು ಹೊಸದೇನಲ್ಲ. ಮನೆಯಿಂದ ಕೊನೆಗೆ ಹೊರಡುವವರು ಯಾವಾಗಲೂ ಅವರೇ. ಲಿಫ್ಟಿನಲ್ಲಿ ಕೆಳಗಿಳಿದ ಮೇಲೆ ನನಗೆ ಮಗುವಿನ ಉಡುಗೊರೆ ಸೋಫಾದ ಮೇಲೇ ಉಳಿದದ್ದು ನೆನಪಾಯಿತು. ಮತ್ತೆ ಮೇಲೆ ಹೋದೆ. ಬಾಗಿಲು ಅರ್ಧ ತೆರೆದಿತ್ತು.

ಮಾವ ಹಾಲಿನ ನಡುವೆ ನಿಂತಿದ್ದರು. ಗ್ಯಾಸಿನ ಗುಂಡಿ ಮುಟ್ಟಿ ನೋಡಿದರು. ಬಾಲ್ಕನಿ ಬಾಗಿಲಿನ ಚಿಲಕ ಎಳೆದು ನೋಡಿದರು. ಕಿಟಕಿಗಳನ್ನು ಒಂದೊಂದಾಗಿ ತಳ್ಳಿ ನೋಡಿದರು. ಆಮೇಲೆ ಸ್ವಿಚ್‌ಬೋರ್ಡಿನ ಮುಂದೆ ನಿಂತು, ಅಡುಗೆಮನೆಯ ಕಡೆ ಕತ್ತು ತಿರುಗಿಸಿ, ನಾನು ಎಷ್ಟೋ ವರ್ಷಗಳಿಂದ ಕೇಳದ ಗಟ್ಟಿ ದನಿಯಲ್ಲಿ ಕರೆದರು.

"ಒಳಗೆ ಯಾರ್ ಇದ್ದೀರಿ?"

ಕಾದರು. ಮತ್ತೆ ಕರೆದರು. "ಯಾರ್ ಇದ್ದೀರಿ ಒಳಗೆ?"

ಎರಡು ಬೆಡ್‌ರೂಮಿನ ಫ್ಲ್ಯಾಟು. ಒಳಗೆ ಯಾರಿರುತ್ತಾರೆ? ಮಾವ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ಪಟ ಪಟ ಪಟ ಅಂತ ಹಾಲಿನ ಸ್ವಿಚ್ಚುಗಳನ್ನೆಲ್ಲ ಆರಿಸಿದರು. ಫ್ಯಾನಿನದು, ಟೀವಿಯದು. ಕಂಪ್ಯೂಟರಿನದು.

ನಾನು ಆಗಷ್ಟೇ ಬಂದವಳ ಹಾಗೆ ಏದುಸಿರು ಬಿಡುತ್ತಾ ಒಳಗೆ ಹೋಗಿ ಉಡುಗೊರೆ ಎತ್ತಿಕೊಂಡೆ. ನಾಮಕರಣದ ಊಟದಲ್ಲಿ, ಮಾವ ಬೇರೆ ಪಂಕ್ತಿಯಲ್ಲಿ ಕೂತಿದ್ದಾಗ, ಸುರೇಶನಿಗೆ ಹೇಳಿದೆ. ಅವರ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು.

"ಅದು ಕ್ಲೋಸಿಂಗ್!" ಅಂದರು. "ಅಪ್ಪ ಇನ್ನೂ ಕ್ಲೋಸಿಂಗ್ ಮಾಡ್ತಾರಾ?"

ಹಿಂದೆ ಯಾವಾಗಲೋ ವಾಸಣ್ಣ ರವೆ ತರಲು ಗೋಡೌನಿನ ಒಳಗೆ ಹೋಗಿದ್ದನಂತೆ. ಮಾವ ನೋಡದೆ ಮೇನ್ ಸ್ವಿಚ್ ಎಳೆದರು. ಕತ್ತಲಲ್ಲಿ ಮೂಟೆಗಳ ಮೇಲೆ ಬಿದ್ದು ವಾಸಣ್ಣನ ಮೊಣಕೈ ಮುರಿಯಿತು. ಅಂದಿನಿಂದ ಹೋಟೆಲು ಮುಚ್ಚುವಾಗ ಒಂದು ಕ್ರಮ. ಮಾವ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟು ಕರೆಯಬೇಕು. ಒಳಗಿದ್ದವರು ಓಗೊಡಬೇಕು. ಕೊನೆಗೆ ಹೊರಬರುವವನು "ಎಲ್ಲ ಆಯ್ತು, ಎಳೀರಿ" ಅನ್ನಬೇಕು. ಅದಾದ ಮೇಲೆಯೇ ಕತ್ತಲು. "ಚಿಕ್ಕವನಿದ್ದಾಗ ನಾನು ಮಹಡಿಯಿಂದ ಬೇಕಂತಲೇ ಓ ಅಂತಿದ್ದೆ, ಅಪ್ಪ ಕಾಯ್ಲಿ ಅಂತ" ಅಂದರು ಸುರೇಶ. ಹಪ್ಪಳ ಕೆಳಗಿಟ್ಟರು.

ಮನೆಗೆ ಬಂದು ಯೋಚಿಸಿದರೆ ಎಲ್ಲ ಸ್ಪಷ್ಟ. ನಾವು ಎಸಿ ಹಾಕಿ ರೂಮಿನ ಬಾಗಿಲು ಮುಚ್ಚಿಕೊಂಡ ಮೇಲೆ ಮಾವ ದಿನಾ ಕ್ಲೋಸಿಂಗ್ ಮಾಡುತ್ತಿದ್ದರು. ನಾವು ಏಳುವ ಮೊದಲೇ ಎದ್ದು ಎಲ್ಲ ಸ್ವಿಚ್ ಮತ್ತೆ ಹಾಕುತ್ತಿದ್ದರು. ನಮಗೆ ತಿಳಿಯುವುದಾದರೂ ಹೇಗೆ? ಫ್ರಿಜ್ ಮುಟ್ಟುತ್ತಿರಲಿಲ್ಲ, ಹಾಲು ಒಡೆಯುತ್ತದಲ್ಲ. (ವೈಫೈ ಡಬ್ಬಿ ಅನನ್ಯಳ ರೂಮಿನಲ್ಲಿದೆ. ಹಾಲಿನಲ್ಲಿದ್ದಿದ್ದರೆ ಮೊದಲ ದಿನವೇ ಬೊಬ್ಬೆ ಎದ್ದು ಕೇಸು ಮುಗಿಯುತ್ತಿತ್ತು.) ಕಂಪ್ಯೂಟರಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಬ್ಯಾಟರಿಯೊಂದು ಇರುತ್ತದೆ. ಕರೆಂಟು ಇಲ್ಲದಾಗ ನೆನಪು ಕಾಯುವುದು ಅದೇ. ಅದು ಸತ್ತಿತ್ತು. ಸ್ವಿಚ್ ಆರಿಸಿದರೆ ಸಾಕು, ದಿನಾಂಕ, ಗಂಟೆ, ತನ್ನ ಹೊಟ್ಟೆಯಲ್ಲೇ ಇರುವ ಡಿಸ್ಕನ್ನು ಓದುವುದು ಹೇಗೆ ಅನ್ನುವುದು, ಎಲ್ಲ ಮರೆತು ಕೂರುತ್ತಿತ್ತು. ಕಂಪ್ಯೂಟರನ್ನು ಇಷ್ಟು ಪ್ರೀತಿಸುವ ಮಾವನೇ ದಿನಾ ತಮ್ಮ ಕೈಯಾರೆ ಅದರ ನೆನಪು ಅಳಿಸುತ್ತಿದ್ದರು!

ಬ್ಯಾಟರಿ ತರೋಣ, ಮಾವನಿಗೆ ಏನೂ ಹೇಳುವುದು ಬೇಡ ಅಂತ ನಾನು ಲೆಕ್ಕ ಹಾಕಿದ್ದೆ. ಸುರೇಶನಿಗೆ ತಡೆಯಲಿಲ್ಲ. ಅಂದೇ ಸಂಜೆ ಮೊಸರನ್ನ ಕಲಸುತ್ತಾ ಹೇಳಿಯೇಬಿಟ್ಟರು. "ಅಪ್ಪಾ, ನೀವು ಸ್ವಿಚ್ ಆರಿಸೋದ್ರಿಂದಲೇ ಅದು ಹಾಳಾಗ್ತಾ ಇರೋದು. ಇನ್ನು ಮುಟ್ಬೇಡಿ. ಇದೇನು ಹೋಟೆಲಾ?"

ಮಾವ ತಟ್ಟೆಯಿಂದ ತಲೆ ಎತ್ತಿದರು. "ಓ, ನಾನೇ ಮಾಡಿದ್ದಾ? ನಂಗೆ ಗೊತ್ತಾಗ್ಲಿಲ್ಲ ಮಗ. ಇನ್ನು ಮುಟ್ಟುದಿಲ್ಲ."

ಮುಟ್ಟಲಿಲ್ಲ. ಮರುದಿನ ಕಂಪ್ಯೂಟರ್ ಎದ್ದಿತು, ಅದರ ಮರುದಿನವೂ ಎದ್ದಿತು. ಆದರೆ ಮಾವ ಏಳಲಿಲ್ಲ. ನಾನು ಹಾಲಿಗೆ ಬಂದಾಗ ಕುರ್ಚಿ ಖಾಲಿ. ಬಿಸಿಲು ಏರಿದ ಮೇಲೆ ಎದ್ದು ಬಂದು, ನಾನು ಕೊಟ್ಟ ಕಾಫಿ ಕುಡಿದು, ಪೇಪರು ತಿರುವಿದರು. ತಾಳಮದ್ದಲೆ ಹಾಕಲಾ ಅಂದರೆ "ಇರ್ಲಿ, ಮತ್ತೆ ಕೇಳುವಾ" ಅಂದರು. ಊಟ ಆದ ಮೇಲೆ ಸೋಫಾದಲ್ಲಿ ಕೂತು ಸ್ವಿಚ್‌ಬೋರ್ಡಿನ ಕಡೆ ನೋಡುವರು, ಏಳುವರು, ಮತ್ತೆ ಕೂರುವರು. "ನಂಗೆ ಈಗ ಕೆಲಸ ಎಂತದೂ ಇಲ್ಲ ನೋಡು" ಅಂತ ನನ್ನನ್ನು ನೋಡಿ ನಕ್ಕರು. ಮುಚ್ಚದ ಅಂಗಡಿಯನ್ನು ತೆರೆಯುವುದು ಹೇಗೆ ಹೇಳಿ?

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ, ನೀವು ಕಂಪ್ಯೂಟರ್ ಆನ್ ಮಾಡಿದ್ರೋ, ನಿಮ್ಮಪ್ಪನ್ನ ಆಫ್ ಮಾಡಿದ್ರೋ?" ಅಂತ ಸುರೇಶನ ಮೇಲೆ ಹಾರಿಬಿದ್ದೆ. ಅವರು ಶನಿವಾರ ತಾವೇ ಹೋಗಿ ಬ್ಯಾಟರಿ ತಂದರು. ನಾನು ಪೆಟ್ಟಿಗೆ ಬಿಚ್ಚಿ, ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ, ಹೊಸದನ್ನು ಕೂರಿಸಿ, ಸೆಟಪ್‌ನ ಆ ಆಯ್ಕೆಯನ್ನು ಕೊನೆಯ ಸಲ ಬದಲಿಸಿದೆ. ಸ್ವಿಚ್ ಆರಿಸಿ, ಒಂದು ಗಂಟೆ ಬಿಟ್ಟು ಹಾಕಿದೆ. ಎದ್ದಿತು. ಎಲ್ಲ ನೆನಪಿತ್ತು ಅದಕ್ಕೆ.

"ಮಾವ, ಇನ್ನು ನೀವು ಧಾರಾಳವಾಗಿ ಆರಿಸಬಹುದು" ಅಂದೆ.

"ಬೇಡ ಬಿಡು. ಸುಮ್ನೆ ಯಾಕೆ? ಪುನಃ ಹಾಳಾದ್ರೆ?"

ಎಷ್ಟು ಹೇಳಿದರೂ ಅದೇ. ಬ್ಯಾಟರಿ ಬದಲಿಸಿದಷ್ಟು ಸುಲಭವಾ ಅದು?

ಅಂದು ಊಟವಾಯಿತು. ಪಾತ್ರೆಗಳು ಸಿಂಕಿಗೆ ಹೋದವು. ಮಾವ ಸೋಫಾದಲ್ಲಿ ಕೈ ಮಡಚಿ ಕೂತಿದ್ದರು. ಸುರೇಶ ಅಡುಗೆಮನೆಯಿಂದ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು.

"ಅಪ್ಪಾ, ಎಲ್ಲ ಆಯ್ತು. ಎಳೀರಿ."

ಮಾವ ಮಗನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈ ಊರಿ ಎದ್ದರು. ಗ್ಯಾಸು ನೋಡಿದರು. ಚಿಲಕ ನೋಡಿದರು. ಸ್ವಿಚ್‌ಬೋರ್ಡಿನ ಮೇಲೆ ಕೈ ಇಟ್ಟು, ಮೊದಲು ಸ್ವಲ್ಪ ನಾಚಿಕೆಯಿಂದ, ಆಮೇಲೆ ಹೋಟೆಲಿನ ಆ ದೊಡ್ಡ ದನಿಯಲ್ಲಿ ಕರೆದರು.

"ಒಳಗೆ ಯಾರ್ ಇದ್ದೀರಿ?"

"ತಾತಾ, ವೇಯ್ಟ್! ನಾನ್ ಉಳ್ಳ ಇರುಕ್ಕೇನ್!"

ಅನನ್ಯ! ಬಾತ್‌ರೂಮಿನೊಳಗಿಂದ! ನಾವು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಾತ್‌ರೂಮಿನ ಸ್ವಿಚ್ಚೂ ಆ ಬೋರ್ಡಿನಲ್ಲೇ ಇದೆ, ಕತ್ತಲಾದರೆ ಕಷ್ಟ ಅಂತ ಗಾಬರಿಯಲ್ಲಿ ಕಿರುಚಿದ್ದು ಅಷ್ಟೇ, ಒಳಗೆ ಇದ್ದೀನಿ ಅಂತ. ಮಾವನ ಬೆನ್ನು ನೆಟ್ಟಗಾಯಿತು.

"ಎಂತ ಮಾಡ್ತಿ ಅಲ್ಲಿ ಇಷ್ಟು ಹೊತ್ತು? ಬೇಗ ಬಾ ಹೊರಗೆ! ನಂಗೆ ಬಾಗಿಲು ಹಾಕ್ಲಿಕ್ಕೆ ಉಂಟು ಮಾರಾಯ್ತಿ!"

ಬೈದರು, ಆದರೆ ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಹೊರಬರುವ ತನಕ ಅಲ್ಲೇ ಕಾದರು. ಎಂಥ ಸಂತೋಷದಿಂದ ಕಾದರು ಅಂತೀರಿ! ಸುರೇಶ ಮುಖ ಒರೆಸಿಕೊಳ್ಳುವ ನೆವದಲ್ಲಿ ಟವೆಲಿನ ಒಳಗೆ ಹೊಕ್ಕಿದ್ದರು. ನಾನು ನಗುತ್ತಾ ಅಳುತ್ತಿದ್ದೆ, ಅದನ್ನು ಮುಚ್ಚಿಡಲೂ ಇಲ್ಲ.

ಕಂಪ್ಯೂಟರ್ ಮರುದಿನ ಎದ್ದಿತಾ ಅಂತ ತಾನೇ ನಿಮ್ಮ ಪ್ರಶ್ನೆ? ಎದ್ದಿತು. ಅದಕ್ಕಿಂತ ಮೊದಲು ಮಾವ ಎದ್ದಿದ್ದರು.

ನನ್ನ ಪ್ರಶ್ನೆ ಬೇರೆ: ನಿಮ್ಮ ಮನೆಯಲ್ಲಿ ಕೊನೆಯ ದೀಪ ಆರಿಸುವವರು ಕರೆದರೆ, ಓ ಅನ್ನಲು ಒಳಗೆ ಯಾರಿದ್ದೀರಿ?